ಏರಿನಲ್ಲಿ ಸೋಲುವ ಎಂಜಿನು: ಒಂದು ದೋಷದ ಚರಿತ್ರೆ

ಮೋಟಾರು ವಾಹನಗಳ ಚರಿತ್ರೆಯನ್ನು ಬರೆದವರು ಅವುಗಳ ವೇಗವನ್ನೂ ತಯಾರಕರನ್ನೂ ಕುರಿತು ವಿಪುಲವಾಗಿ ಬರೆದಿದ್ದಾರೆ. ದೋಷಗಳನ್ನು ಕುರಿತು ಬರೆದವರು ವಿರಳ. ಆದರೆ ಯಂತ್ರವೊಂದು ಯಾವ ಕಾಲದಲ್ಲಿ ಹೇಗೆ ಕೆಡುತ್ತಿತ್ತೆಂಬುದೂ ಆ ಕಾಲದ ಸ್ಥಿತಿಗತಿಗೆ ಸಾಕ್ಷಿಯೇ. ಇಲ್ಲಿ ನಾವು ಒಂದೇ ದೋಷವನ್ನು ಎತ್ತಿಕೊಂಡಿದ್ದೇವೆ: ಮಟ್ಟಸವಾದ ರಸ್ತೆಯಲ್ಲಿ ಸುಗಮವಾಗಿ ಓಡುವ ಕಾರು, ಆಕ್ಸಿಲರೇಟರನ್ನು ಪೂರ್ತಿ ಒತ್ತಿದೊಡನೆ ಬಲಗುಂದುವುದು.

ಈ ವಿಷಯ ನಮ್ಮ ಗಮನಕ್ಕೆ ಬಂದದ್ದು ಗ್ರಂಥಾಲಯದಲ್ಲಲ್ಲ. ಹೊಸದುರ್ಗದಿಂದ ಹಾಲುರಾಮೇಶ್ವರಕ್ಕೆ ಐವರನ್ನು ಕೂರಿಸಿಕೊಂಡು ಹೊರಟ ನಮ್ಮ ಹಳೆಯ ಪೆಟ್ರೋಲ್ ಕಾರು, ಮುಂದಿದ್ದ ಟ್ರಾಕ್ಟರನ್ನು ಹಿಂದೆ ಹಾಕುವ ಯತ್ನದಲ್ಲಿ ನಡುದಾರಿಯಲ್ಲೇ ಸೋತಿತು. ಎದುರಿನಿಂದ ಲಾರಿ ಬರುತ್ತಿದ್ದುದರಿಂದ ಅದು ವಿನೋದದ ಸಂಗತಿಯಾಗಿರಲಿಲ್ಲ. ಮರುದಿನ ಒಂದು ಕಾರ್ಖಾನೆಯವರು ಸ್ಪಾರ್ಕ್ ಪ್ಲಗ್ಗುಗಳನ್ನೂ ಕಾಯಿಲನ್ನೂ ಬದಲಾಯಿಸಿದರು. ದೋಷ ಮಾತ್ರ ಉಳಿಯಿತು.

ಅವರ ಊಹೆ ಅಸಂಗತವೆನ್ನಲಾಗದು. ಸಿಲಿಂಡರಿನಲ್ಲಿ ಮಿಶ್ರಣ ಹೆಚ್ಚು ತುಂಬಿ ಒತ್ತಡ ಏರಿದಾಗ ಕಿಡಿ ಹಾರಲು ಹೆಚ್ಚಿನ ವೋಲ್ಟೇಜು ಬೇಕಾಗುವುದರಿಂದ, ದುರ್ಬಲವಾದ ಕಾಯಿಲು ಆ ಗಳಿಗೆಯಲ್ಲೇ ಕೈಕೊಡುತ್ತದೆ. ಆದರೆ ಗಾಳಿಗೂ ಪೆಟ್ರೋಲಿಗೂ ಬೇಡಿಕೆ ಶಿಖರಕ್ಕೇರುವುದು ಅದೇ ಗಳಿಗೆಯಲ್ಲಿ. ಮೂರರಲ್ಲಿ ಯಾವುದು ಕೊರತೆಯಾಯಿತೆಂಬ ಪ್ರಶ್ನೆ ಮೊದಲಿನಿಂದಲೂ ಒಂದೇ. ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಕಾರಿನಲ್ಲಿ ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿಯುತ್ತಿತ್ತು. ಕಡಿದಾದ ಏರಿನಲ್ಲಿ ಎಂಜಿನು ಟ್ಯಾಂಕಿಗಿಂತ ಮೇಲಾಗಿ ಇಂಧನ ನಿಂತುಹೋಗುತ್ತಿದ್ದುದರಿಂದ ಚಾಲಕರು ಕಾರನ್ನು ತಿರುಗಿಸಿ ಹಿಂದುಹಿಂದಾಗಿ ಗುಡ್ಡ ಹತ್ತಿಸುತ್ತಿದ್ದರು. ಇದನ್ನು ನಿವಾರಿಸಲು ಬಂದ ನಿರ್ವಾತ ಟ್ಯಾಂಕು ಎಂಜಿನಿನ ಹೀರುಬಲದಿಂದಲೇ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಆದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಆ ಹೀರುಬಲವೇ ಕುಗ್ಗುವುದರಿಂದ, ದೀರ್ಘವಾದ ಏರಿನಲ್ಲಿ ಟ್ಯಾಂಕು ಬರಿದಾಗುತ್ತಿತ್ತು. ಕ್ಷಣಕಾಲ ಕಾಲು ಸಡಿಲಿಸಿದರೆ ಅದು ಮತ್ತೆ ತುಂಬುತ್ತಿತ್ತು. ಮುಂದೆ ಎಂಜಿನಿನಿಂದಲೇ ನಡೆಯುವ ಪಂಪು ಬಂದು ಈ ಫಜೀತಿ ತಪ್ಪಿತು.

ನಮ್ಮ ನಾಡಿನ ಮಟ್ಟಿಗೆ ಈ ದೋಷದ ಅತ್ಯಂತ ಸ್ವಾರಸ್ಯಕರ ಅಧ್ಯಾಯ ಎರಡನೆಯ ಮಹಾಯುದ್ಧದ ಕಾಲದ್ದು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂದಿತು. 1942ರಲ್ಲಿ ಬರ್ಮಾ ಕೈತಪ್ಪಿದ ಮೇಲೆ ಅಭಾವ ತೀವ್ರವಾಯಿತು. ಬಸ್ಸುಗಳ ಹಿಂದೆ ಒಲೆಯಂತಹ ಪೀಪಾಯಿಯನ್ನು ಕಟ್ಟಿ, ಇದ್ದಲು ಉರಿಸಿ, ಅದರ ಅನಿಲದಿಂದ ಎಂಜಿನು ನಡೆಸುವ ಪದ್ಧತಿ ಬಳಕೆಗೆ ಬಂದಿತು. ಈ ಅನಿಲದಲ್ಲಿ ಉರಿಯುವ ಅಂಶ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡು. ಅರ್ಧಕ್ಕಿಂತ ಹೆಚ್ಚು ಪಾಲು ಉರಿಯದ ನೈಟ್ರೋಜನ್. ಆದಕಾರಣ ಪೆಟ್ರೋಲಿನಿಂದ ದೊರೆಯುತ್ತಿದ್ದ ಶಕ್ತಿಯಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ನಷ್ಟವಾಗುತ್ತಿತ್ತು. ಅನಿಲ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ಮುಂಚಿತವಾಗಿ ಹಾರಿಸಬೇಕಾಗಿತ್ತು. ಮಸಿ ಕಟ್ಟಿದ ಸೋಸುಕವನ್ನು ಪದೇಪದೇ ತೆರೆದು ತೊಳೆಯಬೇಕಾಗಿತ್ತು. ಇಷ್ಟು ಮಾಡಿದರೂ ಏರು ಬಂದಾಗ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತೆಂದು ಹಿರಿಯರು ಹೇಳುವುದುಂಟು. ಇದನ್ನು ಕೇಳಿದವರು ನಗುತ್ತಾ ಆ ಕಾಲದ ಡ್ರೈವರುಗಳನ್ನೂ ಮೆಕ್ಯಾನಿಕ್ಕುಗಳನ್ನೂ ದೂರುತ್ತಾರೆ. ಇದು ಅನ್ಯಾಯವೆಂದು ನಮ್ಮ ಅಭಿಪ್ರಾಯ. ದೋಷ ಅವರ ಕೈಯಲ್ಲಿರಲಿಲ್ಲ, ಇಂಧನದಲ್ಲೇ ಇತ್ತು. ಯಾವ ದುರಸ್ತಿಯೂ ಅದನ್ನು ಪೂರ್ತಿ ನೀಗುವಂತಿರಲಿಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಗುವ ವೇಳೆಗೆ ಯುದ್ಧ ಮುಗಿದು ಮೂರು ವರ್ಷಗಳಾಗಿದ್ದವು.

ಅನಂತರದ ಅಂಬಾಸಿಡರ್ ಯುಗದಲ್ಲಿ ಬೇಸಗೆಯ ಬಿಸಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಪಂಪಿಗೆ ಸಿಗದಂತಾಗುತ್ತಿತ್ತು. ಪಂಪಿಗೆ ಒದ್ದೆಬಟ್ಟೆ ಸುತ್ತುವುದೇ ಅದಕ್ಕೆ ಮದ್ದು. 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾದ ಮೇಲೆ ಹೊಸದೊಂದು ಕಾರಣ ಸೇರಿತು: ಅದು ಕಟ್ಟಿಕೊಂಡರೆ ಹೊಗೆ ಹೊರಹೋಗಲಾರದೆ ಎಂಜಿನು ಉಸಿರುಗಟ್ಟುತ್ತದೆ.

ನಮ್ಮ ಕಾರಿನ ವಿಚಾರವನ್ನು ಬಗೆಹರಿಸಿದವರು ಹೊಸದುರ್ಗದ ವೃದ್ಧ ಮೆಕ್ಯಾನಿಕ್ಕರೊಬ್ಬರು. “ಕಾಲು ಸಡಿಲ ಬಿಟ್ರೆ ಮತ್ತೆ ಹಿಡ್ಕೊಳ್ತದಾ ಸಾರ್?” ಎಂಬುದೊಂದೇ ಅವರು ಕೇಳಿದ ಪ್ರಶ್ನೆ. ಹಿಡಿದುಕೊಳ್ಳುತ್ತದೆಂದೆವು. ನಿರ್ವಾತ ಟ್ಯಾಂಕಿನ ಕಾಲದ ಚಾಲಕನಿಗೂ ಇದೇ ಪ್ರಶ್ನೆ ಅರ್ಥವಾಗುತ್ತಿತ್ತು. ಅವರು ಇಂಧನದ ಕೊಳವೆಗೆ ಒತ್ತಡಮಾಪಕವನ್ನು ಜೋಡಿಸಿ, ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರಿನಲ್ಲಿ ಓಡಿಸಿದರು. ನಿಂತಾಗ 3 ಬಾರ್ ತೋರುತ್ತಿದ್ದ ಮುಳ್ಳು, ಆಕ್ಸಿಲರೇಟರ್ ಒತ್ತಿದಂತೆ 2ಕ್ಕಿಂತ ಕೆಳಗಿಳಿಯಿತು. ಫಿಲ್ಟರನ್ನು ಕೊಯ್ದು ನೋಡಿದಾಗ ಒಳಗೆಲ್ಲಾ ತುಕ್ಕಿನ ಬಣ್ಣದ ಕೆಸರು. ಹೊಸ ಫಿಲ್ಟರು ಹಾಕಿದ ಮೇಲೆ ಅದೇ ಏರಿನಲ್ಲಿ ಮುಳ್ಳು ಕದಲಲಿಲ್ಲ. ಮೊದಲು ಕಳಚಿದ್ದ ಕಾಯಿಲಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದನ್ನು ನಾವು ಈಗಲೂ ಕಾರಿನಲ್ಲೇ ಇಟ್ಟುಕೊಂಡಿದ್ದೇವೆ.