ತಂಗಡಿಯ ಒಗರು

ಪೆದ್ದೆಮುಲ್ ಸುತ್ತಿನ ಬೀಳು ನೆಲದಾಗ ಹಳದಿ ಹೂವಿನ ಒಂದು ಗಿಡ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ನಾವು ತಂಗಡಿ ಅಂತೀವಿ, ತೆಲುಗಿನವರು ತಂಗೇಡು ಅಂತಾರ, ಮೈಸೂರು ಕಡೆಯವರಿಗೆ ಅದು ಆವರಿಕೆ. ಈ ಹೂವಿಲ್ಲದೆ ಬತುಕಮ್ಮ ಕಟ್ಟೋದಿಲ್ಲ. 2014ರಲ್ಲಿ ತೆಲಂಗಾಣ ಸರ್ಕಾರ ಇದನ್ನೇ ರಾಜ್ಯದ ಹೂವು ಎಂದು ಸಾರಿತು. ಹೂವಿನ ಮಾತು ಎಲ್ಲರೂ ಆಡ್ತಾರ. ನಾನು ಬರೆಯಹೊರಟಿದ್ದು ಅದರ ತೊಗಟೆ ಮತ್ತು ಎಲೆಯ ಒಗರಿನ ಬಗ್ಗೆ, ಆ ಒಗರನ್ನು ಎಲ್ಲರಿಗಿಂತ ಮೊದಲು ಬಲ್ಲವರ ಬಗ್ಗೆ.

ಕರೆಂಟ್ ಮೋಟರು ಬರುವ ಮುಂಚೆ ನಮ್ಮ ಕಡೆ ಬಾವಿ ನೀರು ಮೇಲೆ ಬಂದದ್ದು ಎತ್ತು ಎಳೆಯುವ ತೊಗಲಿನ ಚೀಲದಿಂದ. ಮಿಣಿ, ಬಾರುಕೋಲು, ಕಾಲಿನ ಕೆರ ಎಲ್ಲವೂ ತೊಗಲೇ. ಹಸಿ ತೊಗಲನ್ನು ಹಾಗೇ ಬಿಟ್ಟರೆ ನಾಲ್ಕು ದಿನದಾಗ ಕೊಳೆತು ನಾರುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕೆರೆದು, ತೊಳೆದು, ಚೀಲದ ಹಾಗೆ ಹೊಲಿದು, ಒಳಗೆ ತಂಗಡಿ ತೊಗಟೆ ಮತ್ತು ನೀರು ತುಂಬಿ ತೂಗುಹಾಕುತ್ತಿದ್ದರು. ಸೋರಿದ ನೀರನ್ನು ಮತ್ತೆ ಮತ್ತೆ ಮೇಲಿಂದ ಸುರಿಯುತ್ತಿದ್ದರು. ಕೆಲಸ ದಿನಗಟ್ಟಲೆ ನಡೆಯುತ್ತಿತ್ತು. ಹದ ಬಂತೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ, ಬೆರಳಿನಿಂದ ಮುಟ್ಟಿ ತಿಳಿಯುತ್ತಿದ್ದರು. ಇದು ರಸಾಯನಶಾಸ್ತ್ರವಲ್ಲದೆ ಮತ್ತೇನು? ಆದರೆ ಈ ವಿದ್ಯೆ ಬಲ್ಲವರ ಮನೆಗಳನ್ನು ಊರ ಹೊರಗೆ ಇಟ್ಟೆವು. ಅವರು ಹದ ಮಾಡಿದ ಚೀಲದ ನೀರು ಹೊಲಕ್ಕೆ ಬೇಕಿತ್ತು, ಅವರು ಮುಟ್ಟಿದ ಕೊಡದ ನೀರು ಬೇಡವಾಗಿತ್ತು.

ನಮಗೆ ದೂರವಲ್ಲದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, 12ನೇ ಶತಮಾನದ ಶರಣರೊಳಗೆ ತೊಗಲು ಹದ ಮಾಡುವ ಡೋಹರ ಕಕ್ಕಯ್ಯ ಇದ್ದರು, ಸಮಗಾರ ಹರಳಯ್ಯ ಇದ್ದರು. ಕಕ್ಕಯ್ಯನವರ ವಚನಗಳು ಇಂದಿಗೂ ಸಿಗುತ್ತವೆ. 1956ರ ತನಕ ನಮ್ಮ ತಾಂಡೂರು ಗುಲ್ಬರ್ಗಾ ಜಿಲ್ಲೆಯೊಳಗೇ ಇತ್ತು, ಹಾಗಾಗಿ ಈ ಹೆಸರುಗಳು ನಮಗೂ ಸೇರಿದ್ದು ಅಂತ ನಾನು ತಿಳಿದಿದ್ದೇನೆ.

ಯುರೋಪಿನವರು ಒಗರನ್ನು ಪ್ರಯೋಗಶಾಲೆಗೆ ಒಯ್ದದ್ದು ಬಹಳ ತಡವಾಗಿ. 1790ರ ದಶಕದಲ್ಲಿ ಫ್ರಾನ್ಸಿನ ಸೆಗುಯಿನ್, ಆಮೇಲೆ 1803ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಇದನ್ನು ಪರೀಕ್ಷಿಸಿದರು. ಡೇವಿ ಪರೀಕ್ಷಿಸಿದ ವಸ್ತುಗಳಲ್ಲಿ ಬೊಂಬಾಯಿ ಮತ್ತು ಬಂಗಾಳದಿಂದ ಹೋದ ಕಾಚೂ ಇತ್ತು, ನಾವು ಎಲೆ-ಅಡಿಕೆಗೆ ಹಾಕಿಕೊಳ್ಳುವ ಅದೇ ಕಾಚು. ಕಾಚಿನ ನೀರಿಗೆ ತೊಗಲಿನಿಂದ ಕಾಯಿಸಿ ತೆಗೆದ ಅಂಟನ್ನು ಹಾಕಿದಾಗ ಎರಡೂ ಕೂಡಿ ಗಸಿಯಾಗಿ ತಳಕ್ಕೆ ಇಳಿಯಿತು. ತೊಗಲಿನೊಳಗೂ ಆಗುವುದು ಇದೇ. ಹೀಗೆ ಹಿಡಿಯುವ ವಸ್ತುವಿಗೆ ಟ್ಯಾನಿನ್ ಎಂದು ಹೆಸರಾಯಿತು.

ಅದರ ರಚನೆ ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಜರ್ಮನಿಯ ಎಮಿಲ್ ಫಿಷರ್, ಅವರ ಶಿಷ್ಯ ಕಾರ್ಲ್ ಫ್ರಾಯ್ಡೆನ್‌ಬರ್ಗ್ ಇದರಲ್ಲಿ ಬಹಳ ದುಡಿದರು. 1920ರಲ್ಲಿ ಫ್ರಾಯ್ಡೆನ್‌ಬರ್ಗ್ ಟ್ಯಾನಿನ್‌ಗಳನ್ನು ಎರಡು ಜಾತಿ ಮಾಡಿದರು. ಅಳಲೆಕಾಯಿಯದು ಒಂದು ಜಾತಿ: ನಡುವೆ ಸಕ್ಕರೆ, ಅದರ ಸುತ್ತ ಗ್ಯಾಲಿಕ್ ಆಮ್ಲದಂಥವು ಅಂಟಿಕೊಂಡಿರುತ್ತವೆ, ಆಮ್ಲ ಹಾಕಿ ಕಾಯಿಸಿದರೆ ಬಿಡಿಯಾಗುತ್ತವೆ. ತಂಗಡಿ ತೊಗಟೆಯದು ಇನ್ನೊಂದು ಜಾತಿ: ಕ್ಯಾಟೆಚಿನ್ ಬಳಗದ ಅಣುಗಳು ಸರಪಳಿಯಂತೆ ಹೆಣೆದಿರುತ್ತವೆ, ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕ್ಯಾಟೆಚಿನ್ ಎಂಬ ಹೆಸರು ಹುಟ್ಟಿದ್ದು ಕಾಚಿನಿಂದಲೇ.

ಎರಡೂ ಜಾತಿಗೆ ಸಮಾನವಾದದ್ದು, ಇಂಗಾಲದ ಉಂಗುರಗಳಿಗೆ ಅಂಟಿದ ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ. ಒಂದು ಕ್ಯಾಟೆಚಿನ್ನಿಗೆ ಇಂಥವು 5. ತೊಗಲಿನ ಪ್ರೋಟೀನನ್ನು ಹಿಡಿದುಕೊಳ್ಳುವಲ್ಲಿ ಇವುಗಳದೇ ದೊಡ್ಡ ಪಾಲು. ಹಳೆ ಎಣ್ಣೆ ಕಮಟು ಆಗುತ್ತದಲ್ಲ, ಅಲ್ಲಿ ಒಂಟಿ ಎಲೆಕ್ಟ್ರಾನಿನ ಪುಂಡ ಅಣುಗಳು ಒಂದರಿಂದ ಒಂದಕ್ಕೆ ಹಾನಿ ಹಬ್ಬಿಸುತ್ತವೆ. ಹೈಡ್ರಾಕ್ಸಿಲ್ ತನ್ನ ಜಲಜನಕವನ್ನು ಕೊಟ್ಟು ಅಂಥ ಪುಂಡನನ್ನು ಸುಮ್ಮನಾಗಿಸುತ್ತದೆ. ಅದಕ್ಕೇ ಆಂಟಿಆಕ್ಸಿಡೆಂಟ್ ಎನ್ನುವುದು. ಒಂದೇ ಉಂಗುರದಲ್ಲಿ ಎರಡು ಮೂರು ಪಕ್ಕಪಕ್ಕ ಇದ್ದರೆ ಬಲ ಹೆಚ್ಚು. 1958ರಿಂದ ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ನೇರಳೆ ಬಣ್ಣದ ದ್ರಾವಣಕ್ಕೆ ಎಲೆಯ ರಸ ಹಾಕುತ್ತಾರೆ; ಬಣ್ಣ ಹಳದಿಗೆ ಇಳಿದಷ್ಟೂ ರಸದ ಶಕ್ತಿ ಹೆಚ್ಚು. ಪೇರಲ, ನೇರಳೆ, ತಂಗಡಿ, ಎಲ್ಲದರ ಎಲೆಯನ್ನೂ ನಮ್ಮ ದೇಶದ ಕಾಲೇಜುಗಳಲ್ಲಿ ಹೀಗೆ ನೋಡಿದ್ದಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಾಜಿನ ನಳಿಗೆಯಲ್ಲಿ ಬಣ್ಣ ಇಳಿಯುವುದು ಬೇರೆ, ಮೈಯೊಳಗೆ ರೋಗ ಇಳಿಯುವುದು ಬೇರೆ. ದೊಡ್ಡ ಟ್ಯಾನಿನ್ ಅಣುಗಳು ಕರುಳಿನಿಂದ ರಕ್ತಕ್ಕೆ ಸೇರುವುದೇ ಕಡಿಮೆ. ತಂಗಡಿ ಎಲೆಯ ಕಷಾಯ ನಂಬಿ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟ ನಮ್ಮ ಬಂಧುಗಳೊಬ್ಬರು ಕಾಲಿನ ಬೆರಳು ಕಳಕೊಂಡರು. ಟ್ಯಾನಿನ್ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತದೆ; ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಊಟದ ಜೊತೆಗೇ ಗಟ್ಟಿ ಚಹಾ ಕುಡಿಯಬಾರದು ಅನ್ನೋದು ಅದಕ್ಕೇ.

ತೊಗಟೆಯ ವ್ಯಾಪಾರ ಒಂದು ಕಾಲಕ್ಕೆ ದೊಡ್ಡದಿತ್ತು. ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಟ್ಯಾನಿನ್. ಮದ್ರಾಸಿನ ಕಾರ್ಖಾನೆಗಳು ತೊಗಲನ್ನು ಇದರಲ್ಲಿ ಹದ ಮಾಡಿ, ಅಳಲೆಕಾಯಿ ನೀರಿನಲ್ಲಿ ಮುಗಿಸಿ ಹಡಗಿಗೆ ಏರಿಸುತ್ತಿದ್ದವು. ಆಮೇಲೆ ಆಫ್ರಿಕಾದ ವಾಟಲ್ ತೊಗಟೆ ಬಂತು, ಕ್ರೋಮ್ ಬಂತು, ನಮ್ಮ ಬಾವಿಗೆ ಮೋಟರು ಬಂತು. ತಂಗಡಿಯನ್ನು ಕೇಳುವವರು ಉಳಿಯಲಿಲ್ಲ.

ಹೋದ ವರ್ಷ ಶಾಲೆಯ ಮಕ್ಕಳ ಮುಂದೆ ತಂಗಡಿ ತೊಗಟೆ ಕುದಿಸಿದ ನೀರಿಗೆ ತುಕ್ಕು ಮೊಳೆ ನೆನೆಸಿದ ನಿಂಬೆರಸ ಹಾಕಿದೆವು. ಹಸಿರುಗಪ್ಪು ಆಯಿತು. ಅಳಲೆಕಾಯಿ ನೀರಿಗೆ ಹಾಕಿದ್ದು ನೀಲಿಗಪ್ಪು. ಎರಡು ಜಾತಿ ಗುರುತಿಸುವ ಹಳೆಯ ಪರೀಕ್ಷೆ ಇದು. ಮೊಮ್ಮಗನನ್ನು ಬಿಡಲು ಬಂದಿದ್ದ ಒಬ್ಬ ಅಜ್ಜ, ಹರೆಯದಲ್ಲಿ ತೊಗಲು ಹದ ಮಾಡಿದವರು, ಬಾಗಿಲ ಹೊರಗೇ ನಿಂತು ನೋಡುತ್ತಿದ್ದರು. ಒಳಗ ಬರ್ರಿ ಅಂದೆ. ಬಂದು ಮೂಸಿ ನೋಡಿ, "ಗಿಡ ಎಳೇದು ಐತಿ ಸಾರ್, ಇದು ಹದಕ್ಕ ಬರಂಗಿಲ್ಲ" ಅಂದರು.