ಏವ್‌ಬರಿ ಗ್ರಾಮದ ಕಲ್ಲುಗಳೂ ಮನೆಗಳೂ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ಚರ್ಚಿಗೆ ಸೇರಿದ ಊರು ಹೊಲಗಳ ವಲಯಕ್ಕೆ ‘ಪ್ಯಾರಿಷ್’ ಎಂದು ಹೆಸರು. ಧರ್ಮಕಾರ್ಯಕ್ಕಾಗಿ ಏರ್ಪಟ್ಟ ಈ ವಿಭಾಗವು ಕಾಲಕ್ರಮದಲ್ಲಿ ನಮ್ಮ ಗ್ರಾಮ ಪಂಚಾಯಿತಿಯಂತೆ ಲೌಕಿಕ ವ್ಯವಹಾರಗಳಿಗೂ ಆಧಾರವಾಯಿತು. ಅಂತಹ ಪ್ಯಾರಿಷ್‌ಗಳಲ್ಲೊಂದು ವಿಲ್ಟ್‌ಷೈರ್ ಪ್ರಾಂತದ ಏವ್‌ಬರಿ. ಪ್ರಾಚೀನ ಅವಶೇಷಗಳ ರಕ್ಷಣೆಯೆಂದರೇನು, ಯಾವ ಕಾಲದ ಅವಶೇಷವನ್ನು ರಕ್ಷಿಸಬೇಕು ಎಂಬ ಪ್ರಶ್ನೆಗಳನ್ನು ಈ ಚಿಕ್ಕ ಊರಿನಷ್ಟು ಸ್ಪಷ್ಟವಾಗಿ ಮುಂದಿಡುವ ಸ್ಥಳಗಳು ವಿರಳ. ಆದುದರಿಂದ ಅದರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಕ್ರಿಸ್ತಪೂರ್ವ 3ನೆಯ ಸಹಸ್ರಮಾನದಲ್ಲಿ ಅಲ್ಲಿಯ ಜನರು ಜಿಂಕೆಯ ಕೊಂಬುಗಳನ್ನೇ ಗುದ್ದಲಿಯಾಗಿ ಹಿಡಿದು, ಸುಮಾರು 28 ಎಕರೆ ನೆಲವನ್ನು ಬಳಸುವ ಕಂದಕವನ್ನು ತೋಡಿ, ಅದರ ಮಣ್ಣಿನಿಂದ ಹೊರಗೆ ದಿಬ್ಬವನ್ನು ಕಟ್ಟಿದರು. ಒಳಗೆ ಸಾರ್ಸನ್ ಎಂಬ ಕಠಿನವಾದ ಮರಳುಗಲ್ಲಿನ ಸುಮಾರು 100 ಬಂಡೆಗಳನ್ನು ವರ್ತುಲಾಕಾರವಾಗಿ ನಿಲ್ಲಿಸಿದರು. ಶಿಲಾವರ್ತುಲಗಳಲ್ಲಿ ಇದಕ್ಕಿಂತ ದೊಡ್ಡದು ಬ್ರಿಟನ್ನಿನಲ್ಲಿ ಮತ್ತೊಂದಿಲ್ಲ. ಮುಂದೆ ಹುಟ್ಟಿಕೊಂಡ ಹಳ್ಳಿಯು ಬೆಳೆಯುತ್ತ ಬೆಳೆಯುತ್ತ ದಿಬ್ಬವನ್ನು ದಾಟಿ ವರ್ತುಲದೊಳಗೇ ಬಂದು ನೆಲಸಿತು. ಇಂದಿಗೂ ಅಲ್ಲಿ ಬಂಡೆಗಳ ನಡುವೆ ಹೆದ್ದಾರಿಯು ಹಾದುಹೋಗುವುದು. ಮನೆಗಳಲ್ಲಿ ಜನರು ವಾಸಿಸುವರು.

ಊರವರಿಗೂ ಬಂಡೆಗಳಿಗೂ ಸದಾ ಸ್ನೇಹವಿತ್ತೆಂದು ಹೇಳುವಂತಿಲ್ಲ. 14ನೆಯ ಶತಮಾನದಲ್ಲಿ ಹಲವು ಬಂಡೆಗಳನ್ನು ಕೆಡವಿ ಹೂಳಿದರು. ಕ್ರೈಸ್ತರಲ್ಲದವರ ಪೂಜಾಸ್ಥಾನವೆಂಬ ಭಯವೇ ಇದಕ್ಕೆ ಕಾರಣವಿರಬೇಕೆಂದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. 1938ರಲ್ಲಿ ಅಂತಹ ಒಂದು ಬಂಡೆಯ ಕೆಳಗೆ ಒಬ್ಬನ ಅಸ್ಥಿಪಂಜರವೂ, ಅವನ ಬಳಿ ಕತ್ತರಿಯೂ 14ನೆಯ ಶತಮಾನದ ಆದಿಭಾಗದ ನಾಣ್ಯಗಳೂ ದೊರೆತುವು. 17 ಮತ್ತು 18ನೆಯ ಶತಮಾನಗಳಲ್ಲಿ ಭಯವು ಹೋಗಿ ಪ್ರಯೋಜನಬುದ್ಧಿಯು ಬಂದಿತು. ಬಂಡೆಯನ್ನು ಗುಂಡಿಗೆ ಉರುಳಿಸಿ, ಸುತ್ತಲೂ ಹುಲ್ಲನ್ನು ಒಟ್ಟಿ ಉರಿ ಹಾಕಿ, ಕಾದ ಕಲ್ಲಿನ ಮೇಲೆ ತಣ್ಣೀರನ್ನು ಗೆರೆಯಾಗಿ ಸುರಿದು, ಸುತ್ತಿಗೆಯಿಂದ ಹೊಡೆದರೆ ಅದು ಸೀಳುತ್ತಿದ್ದಿತು. ಈ ಕಾರ್ಯವು ನಡೆಯುತ್ತಿದ್ದ ಕಾಲದಲ್ಲಿಯೇ ವಿಲಿಯಂ ಸ್ಟಕ್ಲಿ ಎಂಬ ಪಂಡಿತನು ಊರಿಗೆ ಪುನಃ ಪುನಃ ಬಂದು, ಉಳಿದ ಬಂಡೆಗಳನ್ನು ಅಳೆದು, ಚಿತ್ರಿಸಿ, 1743ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅನೇಕ ಬಂಡೆಗಳು ಎಲ್ಲಿ ನಿಂತಿದ್ದುವೆಂಬುದು ಅವನ ಬರಹದಿಂದಲೇ ನಮಗೆ ತಿಳಿಯುವುದು.

ಒಡೆದ ಕಲ್ಲು ಎಲ್ಲಿಗೆ ಹೋಯಿತು? ಅದು ಊರನ್ನು ಬಿಟ್ಟು ಹೋಗಲಿಲ್ಲ. ಮನೆಗಳ ಗೋಡೆಗಳಲ್ಲಿಯೂ ಹಿತ್ತಿಲ ಪಾಗಾರಗಳಲ್ಲಿಯೂ ಅದು ಸೇರಿಕೊಂಡಿತು. ಈ ಗೋಡೆಗಳಿಗೂ ಈಗ ಶತಮಾನಗಳ ವಯಸ್ಸಾಗಿದೆ. ಅವುಗಳ ನೆರೆಯಲ್ಲಿ ಸುಮಾರು ಸಾವಿರ ವರ್ಷಗಳ ಹಿಂದಿನ ಭಾಗಗಳನ್ನುಳ್ಳ ಸಂತ ಜೇಮ್ಸನ ಚರ್ಚು, 16ನೆಯ ಶತಮಾನದ ಜಮೀನ್ದಾರರ ಮನೆ, 17ನೆಯ ಶತಮಾನದಲ್ಲಿ ಧಾನ್ಯವನ್ನು ಒಕ್ಕಲು ಕಟ್ಟಿದ ಹುಲ್ಲುಮಾಡಿನ ದೊಡ್ಡ ಕೊಟ್ಟಿಗೆ ಇವೆಲ್ಲವೂ ಇರುವುವು. ಒಂದು ಕಾಲದ ಪ್ರಾಚೀನವು ಒಡೆದು ಮತ್ತೊಂದು ಕಾಲದ ಪ್ರಾಚೀನವಾಯಿತು.

ಇನ್ನು ರಕ್ಷಣೆಯ ಕಥೆ. 1871ರಲ್ಲಿ ವರ್ತುಲದ ನೆಲವನ್ನು ಮನೆ ಕಟ್ಟಲು ಮಾರುತ್ತಿರುವ ಸಮಾಚಾರವನ್ನು ಕೇಳಿ, ಸರ್ ಜಾನ್ ಲಬಕ್ ಎಂಬ ವಿದ್ವಾಂಸನು ಸ್ವಂತ ಹಣದಿಂದ ಅದನ್ನು ಕೊಂಡನು. ಅವನ ದೀರ್ಘಪ್ರಯತ್ನದ ಫಲವಾಗಿ 1882ರಲ್ಲಿ ಬ್ರಿಟನ್ನಿನ ಮೊದಲನೆಯ ಪ್ರಾಚೀನ ಸ್ಮಾರಕ ಶಾಸನವು ಅಂಗೀಕೃತವಾಯಿತು. ಅದರ ಪಟ್ಟಿಯಲ್ಲಿ ಏವ್‌ಬರಿಯೂ ಸೇರಿತು. ಆದರೆ ಆ ಶಾಸನದ ದೃಷ್ಟಿಯೆಲ್ಲವೂ ಇತಿಹಾಸಪೂರ್ವ ಕಾಲದ ಕಲ್ಲು ದಿಬ್ಬಗಳ ಮೇಲಿದ್ದಿತೇ ಹೊರತು, ಜನರು ವಾಸಿಸುವ ಮನೆಗಳಿಗೆ ಅದರಲ್ಲಿ ಸ್ಥಾನವಿರಲಿಲ್ಲ.

ಈ ಕೊರತೆಯ ಪರಿಣಾಮವು 1930ರ ದಶಕದಲ್ಲಿ ಪ್ರಕಟವಾಯಿತು. ಹಣ್ಣಿನ ಮುರಬ್ಬದ ವ್ಯಾಪಾರದಿಂದ ಸಿರಿವಂತವಾದ ಕುಟುಂಬದ ಅಲೆಗ್ಸಾಂಡರ್ ಕೀಲರನು ಊರಿನ ಬಹುಭಾಗವನ್ನು ಕೊಂಡು, 1937ರಿಂದ 1939ರವರೆಗೆ ಉತ್ಖನನ ನಡೆಸಿ, ಹೂತುಹೋಗಿದ್ದ ಬಂಡೆಗಳನ್ನು ಎತ್ತಿ ನಿಲ್ಲಿಸಿ, ನಾಶವಾದವುಗಳ ಸ್ಥಾನದಲ್ಲಿ ಕಾಂಕ್ರೀಟಿನ ಗುರುತುಗಳನ್ನಿಟ್ಟನು. ಆತನ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅದೇ ಕಾರ್ಯಕ್ಕಾಗಿ ವರ್ತುಲದೊಳಗಿನ ಹಲವು ಮನೆಗಳನ್ನೂ ಕೊಟ್ಟಿಗೆಗಳನ್ನೂ ಕೆಡವಿಸಿದನು. 1943ರಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ಈ ಆಸ್ತಿಯನ್ನು ಕೊಂಡ ಮೇಲೆಯೂ ಮನೆಗಳನ್ನು ತೆಗೆಯುವ ಆಲೋಚನೆಯು ಕೆಲವು ಕಾಲ ಮುಂದುವರಿಯಿತು. ನಿವಾಸಿಗಳು ಕೆಲವರು ಸಮೀಪದ ಏವ್‌ಬರಿ ಟ್ರಸ್ಲೋಗೆ ತೆರಳಿದರು.

ಮನೆಗಳಿಗೆ ರಕ್ಷಣೆಯು ದೊರೆತುದು 1944 ಮತ್ತು 1947ರ ನಗರ-ಗ್ರಾಮ ಯೋಜನಾ ಶಾಸನಗಳಿಂದ. ಅವುಗಳಿಂದ ಉದ್ಭವಿಸಿದ ಪಟ್ಟಿಯಲ್ಲಿ ಮೂರು ತರಗತಿಗಳುಂಟು. ಅತ್ಯುನ್ನತವಾದ ಒಂದನೆಯ ತರಗತಿಗೆ ಸೇರುವವು ನೂರಕ್ಕೆ ಎರಡೂವರೆಯಷ್ಟು ಮಾತ್ರ. 1700ಕ್ಕೆ ಮುಂಚೆ ಕಟ್ಟಿ ಹೆಚ್ಚು ಮಾರ್ಪಡದೆ ಉಳಿದಿರುವ ಮನೆಯು, ಬಡವನದಾದರೂ, ಈ ಪಟ್ಟಿಗೆ ಸೇರುವುದು ರೂಢಿ. ಸೇರಿದ ಮನೆಯನ್ನು ಅನುಮತಿಯಿಲ್ಲದೆ ಕೆಡವುವುದು ದಂಡನೀಯ ಅಪರಾಧ. ಹೀಗೆ ಏವ್‌ಬರಿಯಲ್ಲಿ ಇಂದು ಬಂಡೆಯೂ, ಬಂಡೆಯನ್ನು ಒಡೆದು ಕಟ್ಟಿದ ಗೋಡೆಯೂ ಬೇರೆ ಬೇರೆ ಶಾಸನಗಳ ಆಶ್ರಯದಲ್ಲಿ ಅಕ್ಕಪಕ್ಕದಲ್ಲಿರುವುವು. 1986ರಲ್ಲಿ ಈ ಸ್ಥಳವು ಸ್ಟೋನ್‌ಹೆಂಜಿನೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಈ ವೃತ್ತಾಂತವು ನಮಗೆ ಹೊರಗಿನದಲ್ಲ. ಬ್ರಿಟಿಷರ ಆಡಳಿತದಲ್ಲಿ 1904ರಲ್ಲಿ ಭಾರತಕ್ಕೂ ಪ್ರಾಚೀನ ಸ್ಮಾರಕ ಶಾಸನವು ಬಂದಿತು. 1958ರ ಶಾಸನವು ಅದೇ ಮಾರ್ಗವನ್ನು ವಿಸ್ತರಿಸಿತು. 2011ರಲ್ಲಿ ಹಂಪೆಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನು ಸ್ಮಾರಕರಕ್ಷಣೆಗೆಂದು ತೆಗೆದುಹಾಕಿದಾಗ, ಕೀಲರನ ಕಾಲದ ಪ್ರಶ್ನೆಯೇ ನಮ್ಮಲ್ಲಿ ಮತ್ತೆ ಎದ್ದಿತು. ಕಲ್ಲನ್ನು ಕೆಡಿಸುವ ಬಳಕೆಯನ್ನು ತಡೆಯಬೇಕೆಂಬುದರಲ್ಲಿ ಸಂದೇಹವಿಲ್ಲ. ತಡೆಯದಿದ್ದರೆ ಏನಾಗುವುದೆಂಬುದನ್ನು ಸ್ಟಕ್ಲಿಯು ಕಣ್ಣಾರೆ ಕಂಡನು. ಆದರೆ ಹಳೆಯದಕ್ಕಿಂತ ಹಳೆಯದನ್ನು ಹುಡುಕುತ್ತ ನಡುವಿನ ಪದರಗಳನ್ನು ಕಿತ್ತುಹಾಕಿದರೆ, ಆ ಸ್ಥಳದಲ್ಲಿ ಜನರು ಅವಿಚ್ಛಿನ್ನವಾಗಿ ಬಾಳಿದರೆಂಬ ಸಾಕ್ಷ್ಯವೇ ನಷ್ಟವಾಗುವುದು. ಬಂಡೆಯನ್ನು ಮತ್ತೆ ಎತ್ತಿ ನಿಲ್ಲಿಸಬಹುದು. ಕೆಡವಿದ ಮನೆಯ ಬಾಳುವೆಯನ್ನು ಯಾವ ಉತ್ಖನನವೂ ಎತ್ತಿ ನಿಲ್ಲಿಸಲಾರದು. ರಕ್ಷಣೆಯ ಪಟ್ಟಿಗಳನ್ನು ಬರೆಯುವವರೂ, ಅವುಗಳ ನೆರಳಿನಲ್ಲಿ ವಾಸಿಸುವವರೂ ಇದನ್ನು ಮನಸ್ಸಿನಲ್ಲಿಡುವುದು ಉಚಿತ.