ಮಾರದ ಮಜ್ಜಿಗೆ: ಮೇಡ್ಲೇರಿ ಸೀಮೆಯ ಮಕ್ಕಳ ಹುಳಿಯೂಟ

ಹಾವೇರಿ ಜಿಲ್ಲೆಯ ಮೇಡ್ಲೇರಿ, ರಾಣೆಬೆನ್ನೂರು, ಬ್ಯಾಡಗಿಯ ಜೋಳದ ಸೀಮೆಯಲ್ಲಿ ಎಳೆಯ ಮಕ್ಕಳ ಊಟವೆಂದರೆ ಬಹುಕಾಲ ಮೆತ್ತಗೆ ಬೆಂದ ನುಚ್ಚು ಮತ್ತು ಅದರ ಮೇಲೆ ಹುಯ್ದ ಮಜ್ಜಿಗೆ. ರೊಟ್ಟಿ ಅಗಿಯುವ ವಯಸ್ಸು ಬಂದ ಮೇಲೆ ಅದೇ ಮಜ್ಜಿಗೆಯಲ್ಲಿ ರೊಟ್ಟಿ ನೆನೆಯುತ್ತಿತ್ತು. ಬೇಸಿಗೆಯಲ್ಲಿ ಇವುಗಳ ಜೊತೆಗೆ ರಾತ್ರಿಯಿಡೀ ಹುಳಿ ಬಂದ ಅಂಬಲಿ.

ಈ ಊಟದ ಗುಣ ಹೆಪ್ಪಿನಲ್ಲಿದೆ. ಕಾಸಿ ಆರಿಸಿದ ಹಾಲಿಗೆ ನಿನ್ನೆಯ ಮೊಸರು ಒಂದಿಷ್ಟು ಬಿದ್ದರೆ ಬೆಳಗಾಗುವುದರೊಳಗೆ ಅದರ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಭೇದಿ ತರುವ ಹಲವು ಸೂಕ್ಷ್ಮಾಣುಗಳು ಆ ಹುಳಿಯಲ್ಲಿ ಬೆಳೆಯಲಾರವು. ಅಂಬಲಿಯ ಹುಳಿ ಇನ್ನೊಂದು ಉಪಕಾರ ಮಾಡುತ್ತದೆ: ಧಾನ್ಯದಲ್ಲಿ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗಿ, ಆ ಕಬ್ಬಿಣ ದೇಹಕ್ಕೆ ದಕ್ಕುವುದು ಸುಲಭವಾಗುತ್ತದೆ.

ಕನ್ನಡ ನಾಡಿನ ಅಡುಗೆಯಲ್ಲಿ ಹುಳಿಯ ಈ ಬಳಕೆ ಹಳೆಯದು. ಎರಡನೆಯ ಚಾವುಂಡರಾಯನ 'ಲೋಕೋಪಕಾರ' (1025) ಇಡ್ಡಲಿಗೆಗೆ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆದು, ಮೊಸರಿನ ತಿಳಿಯಲ್ಲಿ ಕಲಸಲು ಹೇಳುತ್ತದೆ. ಒಂದು ಶತಮಾನದ ನಂತರ ಚಾಲುಕ್ಯ ಸೋಮೇಶ್ವರನ 'ಮಾನಸೋಲ್ಲಾಸ' ಅರಮನೆಯ ಊಟವನ್ನು ವಿವರಿಸಿತು. ಬಡವರ ಗಡಿಗೆಯ ಸುದ್ದಿ ಬೇಕಾದರೆ ಭಕ್ತರ ಕಥೆಗಳತ್ತ ತಿರುಗಬೇಕು: ಶಿವನು ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಸವಿದನೆಂಬ ಐತಿಹ್ಯ ಶರಣರ ಪರಂಪರೆಯಲ್ಲಿ ಪ್ರಸಿದ್ಧ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯ ಎದುರು ರಾಗಿಯ ಪಕ್ಷ ಹಿಡಿದರು. ಬಡವರ ಧಾನ್ಯಕ್ಕೆ ಅಷ್ಟು ನೇರವಾಗಿ ಮಾನ ತಂದುಕೊಟ್ಟ ಕೃತಿ ಅಪರೂಪ.

ಹಸುವಿಲ್ಲದ ಮನೆಯ ಮಕ್ಕಳಿಗೆ ಮಜ್ಜಿಗೆ ಸಿಗುತ್ತಿದ್ದುದಕ್ಕೆ ಹಳ್ಳಿಯ ಒಂದು ರೂಢಿ ಕಾರಣ. ಹೈನಿರುವ ಮನೆಗೆ ಹಣ ತರುತ್ತಿದ್ದುದು ಬೆಣ್ಣೆ ಮತ್ತು ತುಪ್ಪ. ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆ ಹೆಚ್ಚು ದಿನ ನಿಲ್ಲುವುದಿಲ್ಲ, ಅದನ್ನು ಮಾರುವುದೂ ಸಲ್ಲದ ಮಾತಾಗಿತ್ತು. ಬೆಳಗ್ಗೆ ಕಡೆಗೋಲಿನ ಸದ್ದು ನಿಂತ ಮೇಲೆ ಓಣಿಯ ಹುಡುಗರು ಚರಿಗೆ ಹಿಡಿದು ಬರುತ್ತಿದ್ದರು. ಈ ಹಂಚಿಕೆಯಲ್ಲಿ ಜಾತಿಯ ಗೆರೆ ಅಳಿಸಿರಲಿಲ್ಲ. ದಲಿತ ಕೇರಿಯ ಮಕ್ಕಳು ದೂರ ನಿಂತು, ಮೇಲಿನಿಂದ ಹುಯ್ಯಿಸಿಕೊಳ್ಳಬೇಕಿತ್ತು. ಆ ಅವಮಾನವನ್ನು ಮರೆತು ಹಳೆಯ ರೂಢಿಯನ್ನು ಹೊಗಳುವುದು ಅನ್ಯಾಯ. ಆದರೂ ಹಣವಿಲ್ಲದ ಮನೆಗೆ ಜೀವಂತ ಹುಳಿಯ ಆಹಾರ ಮುಟ್ಟುತ್ತಿದ್ದ ಮುಖ್ಯ ದಾರಿ ಅದಾಗಿತ್ತು.

ಆ ದಾರಿ ಮುಚ್ಚಿದ್ದು ಯಾರ ದುರುದ್ದೇಶದಿಂದಲೂ ಅಲ್ಲ. 1970ರಲ್ಲಿ ದೇಶದಲ್ಲಿ ಕ್ಷೀರಕ್ರಾಂತಿ ಆರಂಭವಾಯಿತು. 1974ರಲ್ಲಿ ರಾಜ್ಯದಲ್ಲಿ ಹೈನು ಅಭಿವೃದ್ಧಿ ನಿಗಮ ಹುಟ್ಟಿತು, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಹಾವೇರಿ ಭಾಗದ ಹಳ್ಳಿಗಳು ಧಾರವಾಡ ಹಾಲು ಒಕ್ಕೂಟದ ವ್ಯಾಪ್ತಿಗೆ ಬಂದವು. ಹಾಲು ಮಾರಿ ಹೆಣ್ಣುಮಕ್ಕಳ ಕೈಗೆ ವಾರವಾರ ಹಣ ಬಂದದ್ದು ದೊಡ್ಡ ಗಳಿಕೆ. ಆದರೆ ಹಾಲು ಹಾಲಾಗಿಯೇ ಊರು ಬಿಟ್ಟಿತು. ಕಡೆಯುವುದು ಕಡಿಮೆಯಾದಂತೆ ಹಂಚುವ ಮಜ್ಜಿಗೆಯೂ ಕಡಿಮೆಯಾಯಿತು.

ದುಡಿಮೆ ಅರಸಿ ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿಯಂಥ ಊರುಗಳ ಕೊಳಚೆ ಪ್ರದೇಶಗಳಿಗೆ ಸೇರಿದ ಕುಟುಂಬಗಳಿಗೆ ಈ ನಷ್ಟ ಇನ್ನೂ ಹೆಚ್ಚು ತಟ್ಟಿತು. ಅಲ್ಲಿ ಹಾಲೆಂದರೆ ಚಹಾಕ್ಕೆ ಸಾಲುವಷ್ಟು ಪ್ಯಾಕೆಟ್ ಹಾಲು. ಮೊಸರು ಅಂಗಡಿಯ ಸರಕು. ನೀರೂ ನಂಬುವಂತಿಲ್ಲ: ಮೊಸರು ಎಷ್ಟು ಒಳ್ಳೆಯದಾದರೂ ಕೊಳಕು ನೀರು ಬೆರೆತ ಮಜ್ಜಿಗೆಯಿಂದ ಮಗುವಿಗೆ ಕೇಡೇ ಹೆಚ್ಚು.

ಮೊಸರಿನ ಸೂಕ್ಷ್ಮಜೀವಿಗಳತ್ತ ವಿಜ್ಞಾನದ ಗಮನ ಹರಿದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1905ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೋವ್ ಅಲ್ಲಿನ ಮೊಸರಿನ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಇಲ್ಯಾ ಮೆಚ್ನಿಕೋವ್ ಅದಕ್ಕೆ ದೀರ್ಘಾಯುಷ್ಯದ ನಂಟು ಕಟ್ಟಿದರು. 'ಪ್ರೋಬಯಾಟಿಕ್' ಎಂದರೆ ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳು ಎಂದು ವಿಶ್ವಸಂಸ್ಥೆಯ ತಜ್ಞರು ನಿರ್ಧರಿಸಿದ್ದು 2001ರಲ್ಲಿ. ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂಬುದು ಮನೆಯಿಂದ ಮನೆಗೆ ಬದಲಾಗುವುದರಿಂದ ಎಲ್ಲ ಮೊಸರಿಗೂ ಆ ಹೆಸರು ಸಲ್ಲುವುದಿಲ್ಲ.

ಕೊಳಗೇರಿಯ ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆ ಕೋಲ್ಕತ್ತದ್ದು. ಅಲ್ಲಿನ ರಾಷ್ಟ್ರೀಯ ಕಾಲರಾ ಮತ್ತು ಕರುಳು ರೋಗಗಳ ಸಂಸ್ಥೆ 1ರಿಂದ 5 ವರ್ಷದ 3,758 ಮಕ್ಕಳಲ್ಲಿ ಕೆಲವರಿಗೆ ಪ್ರೋಬಯಾಟಿಕ್ ಪಾನೀಯವನ್ನೂ ಉಳಿದವರಿಗೆ ಸಾಮಾನ್ಯ ಪೋಷಕ ಪಾನೀಯವನ್ನೂ 12 ವಾರ ದಿನವೂ ಕೊಟ್ಟಿತು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೊದಲ ಗುಂಪಿನಲ್ಲಿ ಭೇದಿ ಶೇ. 14ರಷ್ಟು ಕಡಿಮೆ. ಲಾಭ ಸಣ್ಣದಾದರೂ ನಿಜವಾದದ್ದು. ಆದರೆ ಅಂಥ ಪಾನೀಯವನ್ನು ಕೊಳ್ಳಬೇಕು, ತಂಪಿನಲ್ಲಿಡಬೇಕು.

ಕರ್ನಾಟಕದ ಬಡ ಮಕ್ಕಳಿಗೆ ಈಗ ಹಾಲು ಮುಟ್ಟುವುದು 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಮೂಲಕ. ಅಂಗನವಾಡಿಯಲ್ಲೂ ಶಾಲೆಯಲ್ಲೂ ಕೆನೆಭರಿತ ಹಾಲಿನ ಪುಡಿ ಕಲಸಿ ಕಾಸಿದ 150 ಮಿ.ಲೀ. ಹಾಲು ಕೊಡಲಾಗುತ್ತದೆ. ಅದರಲ್ಲಿ ಪ್ರೋಟೀನು, ಸುಣ್ಣದ ಅಂಶ ಎರಡೂ ಇವೆ, ಹೆಪ್ಪಿನ ಜೀವಿಗಳಿಲ್ಲ. ಅದೇ ಪುಡಿಯ ಹಾಲು ಮೊಸರಾಗಿಯೂ ಹೆಪ್ಪುಗಟ್ಟುತ್ತದೆ. ಅದಕ್ಕೆ ಬೇಕಾದದ್ದು ಶುದ್ಧ ಪಾತ್ರೆ, ಒಳ್ಳೆಯ ಹೆಪ್ಪು ಮತ್ತು ಅಂಗನವಾಡಿ ಮುಚ್ಚಿದ ಮೇಲೆ ಮರುದಿನದವರೆಗೆ ಪಾತ್ರೆಯನ್ನು ಜೋಪಾನವಾಗಿಡುವ ಜಾಗ.